ರೊಟ್ಟಿ ಕಟ್ಟಿದ ಅರಿವಿ

ನಾರು ಹುಣ್ಣಿನ ಹುಳ ಬಾವಿ ನೀರಿನಿಂದ ಹೊಟ್ಟೆಗೆ ಹೋಗಬಾರದೆಂದು, ಸೋಸಿ ಕುಡಿಯಲು ಆರೋಗ್ಯ ಇಲಾಖೆಯಿಂದ ಮನೆಮನೆಗೆ ಬಟ್ಟೆ ಹಂಚಿದ್ದೆವು. ಜನ ಅದನ್ನು ಬಳಸುತ್ತಾರೋ ಇಲ್ಲವೋ ನೋಡಿ ಬರೆಯುವುದು ನನ್ನ ಕೆಲಸ. ಇಳಕಲ್ಲಿನ ಹತ್ತಿರದ ಒಂದು ಊರಲ್ಲಿ ನೇಕಾರ ಮುದುಕಿಯೊಬ್ಬಳು ಅದರಲ್ಲಿ ರೊಟ್ಟಿ ಕಟ್ಟಿಟ್ಟಿದ್ದಳು. ನನಗೆ ಸಿಟ್ಟು ಬಂತು.

"ಯವ್ವಾ, ಇದನ್ನ ನೀರು ಸೋಸಾಕ ಕೊಟ್ಟಿದ್ದಿವಿ."

ಆಕೆ ರೊಟ್ಟಿ ತೆಗೆದಿಟ್ಟು ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ನೇಯ್ಗಿ ಭಾಳ ಸಡ್ಲ ಐತ್ರಿ ಸಾಹೇಬ್ರ. ಇದರಾಗ ಹುಳದ ಬಳಗೆಲ್ಲಾ ದಾಟ್ತೈತಿ. ನಾ ನಮ್ಮ ಮಗ್ಗದ ಅರಿವ್ಯಾಗ ಸೋಸ್ತೇನಿ."

ನಾನೂ ಬಿಡಲಿಲ್ಲ. ಬಾವಿ ನೀರು ತರಿಸಿ, ಎರಡೂ ಬಟ್ಟೆಯಲ್ಲಿ ಸೋಸಿ, ಎರಡು ಗಾಜಿನ ಲೋಟಕ್ಕೆ ಭೂತಗನ್ನಡಿ ಹಿಡಿದೆ. ನಮ್ಮ ಬಟ್ಟೆಯಲ್ಲಿ ಸೋಸಿದ ಲೋಟದಲ್ಲಿ, ಆ ಹುಳವನ್ನು ಹೊತ್ತು ತರುವ ನೀರುಜೀವಿಗಳು ಬಿಳಿ ಚುಕ್ಕಿಗಳಂತೆ ಕುಪ್ಪಳಿಸುತ್ತಿದ್ದವು. ಆಕೆಯದರಲ್ಲಿ ಬರೀ ನೀರಿತ್ತು.

ಫಾರ್ಮಿನಲ್ಲಿದ್ದ ಪ್ರಶ್ನೆ ಒಂದೇ: ಕೊಟ್ಟ ಬಟ್ಟೆ ಬಳಸುತ್ತಾರೆಯೇ? "ಇಲ್ಲ" ಎಂದು ಬರೆದೆ. ಅಂಚಿನಲ್ಲಿ ಎರಡು ಲೋಟದ ಕಥೆ ತುರುಕಿ, ಆಕೆಯ ಬಟ್ಟೆಯ ಚೂರೊಂದನ್ನು ಗುಂಡುಸೂಜಿಯಿಂದ ಚುಚ್ಚಿ ಕಳಿಸಿದೆ.

ಕಚೇರಿಯಿಂದ ಉತ್ತರ ಬಂತು: ಆ ಮನೆಗೆ ಇನ್ನೊಂದು ಬಟ್ಟೆ ಕೊಡಿ. ಕೊಟ್ಟು ಬಂದು, ಮತ್ತೆ ಬರೆದೆ. ಮತ್ತೆ ಅದೇ ಉತ್ತರ. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಮುದುಕಿಗಂತೂ ರೊಟ್ಟಿ ಕಟ್ಟುವ ಅರಿವೆಗೆ ಕೊರತೆಯಾಗಲಿಲ್ಲ.