ಹಿಟ್ಟಿನ ಬುಟ್ಟಿಗೆ ಅಂಟಿದ ನಕ್ಷೆ

ಉಣಕಲ್ಲಿನಲ್ಲಿ ನನ್ನದು ರದ್ದಿ ಅಂಗಡಿ. ತೊಂಬತ್ತರ ದಶಕದಲ್ಲಿ ಲಕಮನಹಳ್ಳಿಯ ಒಂದು ಕಾರ್ಖಾನೆಯವರು ಹಳೇ ಕಂಪ್ಯೂಟರನ್ನು ಮೂಲೆಗೆ ತಳ್ಳಿ, ಅದರ ಪುಸ್ತಕಗಳನ್ನು ನನಗೆ ತೂಕಕ್ಕೆ ಹಾಕಿದರು. ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು. ರಟ್ಟು ಕಿತ್ತು ಬೇರೆ ಇಟ್ಟೆ, ಹಾಳೆಗಳನ್ನು ಮೆಂತ್ಯದ ಜೊತೆ ನೀರಿಗೆ ಹಾಕಿದೆ. ಎರಡು ದಿನ ನೆನೆಸಿ, ಒರಳಿನಲ್ಲಿ ಕುಟ್ಟಿ, ಬಿದಿರಿನ ಬುಟ್ಟಿಗೆ ಮೆತ್ತಿ ಒಣಗಿಸಿದರೆ ವರ್ಷಗಟ್ಟಲೆ ಹಿಟ್ಟು ಸೋರುವುದಿಲ್ಲ. ನಮ್ಮ ಓಣಿಯ ಹೆಂಗಸರೆಲ್ಲ ಮಾಡುವುದೇ ಇದು. ಮಡಚಿ ಇಟ್ಟಿದ್ದ, ಗೆರೆಗಳೇ ತುಂಬಿದ ದೊಡ್ಡ ಹಾಳೆ ಒಂದು ಮಾತ್ರ ಪ್ಲಾಸ್ಟಿಕ್ಕಿನಂತೆ ನುಣುಪಾಗಿತ್ತು. ಎಷ್ಟು ನೆನೆಸಿದರೂ ಕರಗಲಿಲ್ಲ. ಅದನ್ನು ಬುಟ್ಟಿಯ ಹೊರಗೆ ಸುತ್ತಿ, ಉಳಿದ ಅಂಚನ್ನು ಒಳಗೆ ಮಡಚಿ, ಆ ಅಂಚಿನ ಮೇಲೆ ಮತ್ತಷ್ಟು ಮೆತ್ತಿದೆ.

ಎಷ್ಟೋ ವರ್ಷ ಆದಮೇಲೆ ಒಬ್ಬ ಮುದುಕ ಬಂದ. ಅದೇ ಕಾರ್ಖಾನೆಯಲ್ಲಿ ಅದೇ ಕಂಪ್ಯೂಟರು ನಡೆಸುತ್ತಿದ್ದವನಂತೆ. ಕಪಾಟಿನಷ್ಟು ದೊಡ್ಡದಾದ ಅದನ್ನು ಕೊಂಡು ಕೇಶ್ವಾಪುರದ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಸುಟ್ಟ ಭಾಗಗಳಿಗೆ ಬದಲಿ ಹುಡುಕಲು ಊರೂರಿನ ಗುಜರಿ ಅಲೆದಿದ್ದ. ಎಲ್ಲ ಸಿಕ್ಕಿದ್ದವು, ಕರೆಂಟಿನ ನಕ್ಷೆಯೊಂದು ಬಿಟ್ಟು. ಅದಿಲ್ಲದೆ ಒಂದು ತಂತಿ ತಪ್ಪಿದರೂ ಎಲ್ಲ ಸುಟ್ಟುಹೋಗುತ್ತದೆ, ಮತ್ತೆ ಸಿಗುವುದಿಲ್ಲ ಅಂದ.

"ಅಕ್ಕಾರ, ಆ ಪುಸ್ತಕ ಏನ್ ಮಾಡಿದ್ರಿ?"

"ಕುಟ್ಟಿ ಬುಟ್ಟಿಗೆ ಹಚ್ಚೇನ್ರಿ."

"ಕುಟ್ಟಿದ್ರ್ಯಾ?"

"ಮತ್ತೇನ್ ಪೂಜಿ ಮಾಡ್ಲೇನ್ರಿ?"

ಅವನು ಅಲ್ಲೇ ಕುಸಿದು ಕುಳಿತ.

"ತಕ್ಕಡಿ ಮ್ಯಾಲ ಕುಂದ್ರಬ್ಯಾಡ್ರಿ ಸಾಹೇಬ್ರ, ಕೆಡತೈತಿ."

ಎದ್ದ, ಆದರೆ ಹೋಗಲಿಲ್ಲ. ಮುಖ ನೋಡಿದರೆ ಹೆಣ ಇಟ್ಟ ಮನೆಯವನ ಹಾಗಿತ್ತು. ಕರಗದೆ ಉಳಿದ ಆ ಹಾಳೆ ಆಗ ನೆನಪಾಯಿತು. ಒಳಗೆ ಹೋಗಿ ಜೋಳದ ಹಿಟ್ಟು ಬೇರೆ ಡಬ್ಬಿಗೆ ಸುರಿದು ಬುಟ್ಟಿ ತಂದು ಕೊಟ್ಟೆ.

ಕನ್ನಡಕ ಒರೆಸಿಕೊಂಡು ಬುಟ್ಟಿ ತಿರುಗಿಸಿದ. "ಇದ ರೀ! ಇದ ಅದು!" ಅಂದ. ಬುಟ್ಟಿಯನ್ನು ತೊಡೆಯ ಮೇಲಿಟ್ಟು ಮಗುವನ್ನು ತಿರುಗಿಸಿದಂತೆ ತಿರುಗಿಸುತ್ತ ಮಧ್ಯಾಹ್ನವಿಡೀ ಗೆರೆ ಬರೆದುಕೊಂಡ. ಕಡೆಗೆ ಕೈ ನಿಂತಿತು.

"ಗೆರಿ ಒಳಗ ಹೋಗೈತ್ರಿ. ಮುಖ್ಯದ್ದ ಅಲ್ಲೈತಿ."

ಒಲೆಯ ಮೇಲೆ ನೀರು ಕಾಯಲು ಇಟ್ಟೆ. ಮೆಂತ್ಯದ ಅಂಟು ಉಗಿಗೆ ಸಡಿಲಾಗುತ್ತದೆ. ಆದರೆ ಅಂಚು ಸಡಿಲಾದ ಬುಟ್ಟಿ ಹಿಟ್ಟು ಹಿಡಿಯುವುದಿಲ್ಲ.

"ಬ್ಯಾಡ್ರಿ ಅಕ್ಕಾರ, ಬುಟ್ಟಿ ಕೆಡತೈತಿ."

"ಬುಟ್ಟಿ ನನಗ ಮಾಡಾಕ ಬರತೈತಿ. ಆ ಹಾಳಿ ನಿಮಗ ಮಾಡಾಕ ಬರತೈತೇನು?"

ಬುಟ್ಟಿಯನ್ನು ಉಗಿಗೆ ಹಿಡಿದು, ಉಗುರಿನಿಂದ ಬಿಡಿಸಿ, ಹಾಳೆ ಹರಿಯದಂತೆ ತೆಗೆದುಕೊಟ್ಟೆ. ಬೆರಳು ಸುಟ್ಟವು.

ತಿಂಗಳಾದಮೇಲೆ ಕೇಶ್ವಾಪುರಕ್ಕೆ ಕರೆದ. ಅವನು ಗುಂಡಿ ಒತ್ತಿದ. ಸಾಲು ಸಾಲಾಗಿ ಸಣ್ಣ ದೀಪ ಹತ್ತಿದವು.

"ಏನ್ ಮಾಡತೈತ್ರಿ ಇದು?"

"ಕೂಡಸತೈತಿ, ಕಳೀತೈತಿ."

"ಅಷ್ಟನಾ?"

"ಅಷ್ಟ ರೀ," ಅಂದು ನಕ್ಕ. ಕಣ್ಣಲ್ಲಿ ನೀರಿತ್ತು. ನಾನು ದೀಪಗಳನ್ನೇ ನೋಡುತ್ತ ನಿಂತೆ.

ಪುಸ್ತಕ ಕುಟ್ಟಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಯಾರಿಗೂ ಬೇಡವಾಗಿದ್ದಕ್ಕೇ ಅವು ನನ್ನ ಬಳಿ ಬಂದಿದ್ದವು. ಆದರೂ ಆಮೇಲೆ ಗೆರೆಗಳಿರುವ ದೊಡ್ಡ ಹಾಳೆ ಬಂದರೆ ತೂಕಕ್ಕೆ ಹಾಕದೆ ಅಟ್ಟದ ಮೇಲೆ ಎಸೆಯುತ್ತೇನೆ. ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ. ಇಲಿ ಬರುತ್ತವೆ, ಓಡಿಸುತ್ತೇನೆ.