ಮುಳ್ಳಪ್ಪನ ತಮ್ಮ

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಮುಳ್ಳಪ್ಪ. ದಿನವಿಡೀ ಗಡಿಯಾರದ ಮುಳ್ಳು ಹಿಡಿದು ಕೂರುತ್ತಾನಲ್ಲ, ಅದಕ್ಕೆ ಎಂದು ಕೆಲವರು; ಮಾತಾಡಿಸಿದರೆ ಚುಚ್ಚುತ್ತಾನೆ, ಅದಕ್ಕೆ ಎಂದು ಇನ್ನು ಕೆಲವರು. ಎರಡನೆಯದು ಶುದ್ಧ ಅನ್ಯಾಯ. ಚುಚ್ಚಬೇಕಾದರೂ ಬಾಯಿ ತೆರೆಯಬೇಕಷ್ಟೆ, ಅವನು ಅಷ್ಟೂ ತೆರೆಯುತ್ತಿರಲಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ. ಒಂದು ಮೇಜು, ಒಂದು ದೀಪ, ಗಿರಾಕಿಗೆ ಒಂದು ಸ್ಟೂಲು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದನೆಂದರೆ ಮುಗಿಯಿತು. ಎಷ್ಟು ದಿನ ಬೇಕು ಎಂದು ಕೇಳಿದವರಿಗೆ ಎರಡೋ ಮೂರೋ ಬೆರಳು ತೋರಿಸುತ್ತಿದ್ದ. ಇಪ್ಪತ್ತೆರಡು ವರ್ಷ ಜನ ಕಂಡದ್ದು ಅವನ ನೆತ್ತಿಯನ್ನು ಮತ್ತು ಬೆರಳುಗಳನ್ನು.

ಐದು ವರ್ಷದಿಂದ ಅವನ ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು. ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಎಂದಿದ್ದರು. ಕಾಲು ಮುರಿದರೆ ನಾಲ್ಕು ಜನ ನೋಡಲು ಬರುತ್ತಾರೆ. ದಿನಕ್ಕೆ ಹತ್ತು ಸಲ ರಕ್ತಭೇದಿ ಎಂದರೆ ಯಾರು ಬರುತ್ತಾರೆ, ಬಂದರೂ ಏನೆಂದು ವಿಚಾರಿಸುತ್ತಾರೆ? ಅವನು ಯಾರಿಗೂ ಹೇಳಲಿಲ್ಲ. ‘ಈಗ ಬಂದೆ’ ಎಂಬ ಬೋರ್ಡು ನೇತುಹಾಕಿ ಹಿಂದಿನ ಕಟ್ಟಡದ ಶೌಚಾಲಯಕ್ಕೆ ಓಡುತ್ತಿದ್ದ. ಸಿಗರೇಟಿನ ಚಟ ಎಂದುಕೊಂಡರು ಅಕ್ಕಪಕ್ಕದವರು. ಹಾಗೇ ಎಂದುಕೊಳ್ಳಲಿ ಎಂದು ಸುಮ್ಮನಿದ್ದ.

ಈ ವರ್ಷ ರೋಗ ಕೈಮೀರಿತು. ಹನ್ನೆರಡು ದಿನ ಆಸ್ಪತ್ರೆ. ಬೇರೆ ಊರಲ್ಲಿದ್ದ ಅಕ್ಕ ಬಂದು, ನಾಲ್ಕು ದಿನ ಇದ್ದು, ಮೊಮ್ಮಗುವಿಗೆ ಜ್ವರವೆಂದು ಹೋದಳು. ಮನೆಗೆ ಕಳಿಸುವಾಗ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದರು: ಬೆಳಗಿನ ತಿಂಡಿ ಆದಮೇಲೆ ಎಂಟು, ಆಮೇಲೆ ವಾರಕ್ಕೊಂದರಂತೆ ಇಳಿಸುತ್ತ ಬರಬೇಕು. ತಾನಾಗಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ ಎಂದು ಎರಡು ಸಲ ಹೇಳಿದರು.

ರಕ್ತ ನಿಂತಿತು. ಅಷ್ಟರ ಮಟ್ಟಿಗೆ ಮಾತ್ರೆ ದೇವರು. ಆದರೆ ಅದು ಬರುವಾಗ ಒಂದು ಗಂಟು ತಂದಿತ್ತು, ಅದನ್ನು ಒಂದೊಂದಾಗಿ ಬಿಚ್ಚತೊಡಗಿತು. ಉಂಡು ಕೈತೊಳೆಯುವ ಮೊದಲೇ ಹಸಿವು. ನಿದ್ದೆ ಇಲ್ಲ. ಗುಳಿಬಿದ್ದಿದ್ದ ಕೆನ್ನೆ ತಿಂಗಳೊಳಗೆ ಉಬ್ಬಿ, ಮುಖ ಗುಂಡಗೆ ಕೆಂಪಗೆ ಆಯಿತು. ಇದನ್ನೆಲ್ಲ ಸಹಿಸಿಯಾನು. ಸಹಿಸಲಾಗದ್ದು ಕೈಯ ನಡುಕ. ಮತ್ತೆ ಅಂಗಡಿ ತೆರೆದ ಮೊದಲ ದಿನವೇ ಚಿಮಟದಲ್ಲಿ ಹಿಡಿದ ಸುರುಳಿ ಸ್ಪ್ರಿಂಗು, ಕೂದಲಿಗಿಂತ ತೆಳ್ಳಗಿನದು, ನಡುಗಿ ನಡುಗಿ ಡೊಂಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗಾಗಿರಲಿಲ್ಲ. ಭೂತಗನ್ನಡಿ ತೆಗೆದಿಟ್ಟು, ನೆಟ್ಟಗೆ ಕೂತು, ಬೀದಿ ನೋಡಿದ. ಅವನಿಗೆ ಅಳು ಬಂತು.

ಆಗಲೇ ಗ್ರಂಥಾಲಯದಾಕೆ ಬಂದದ್ದು. ಹಿಂದಿನ ಬೀದಿಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಹೆಂಗಸು. ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಹಾಕಿಸಿಕೊಂಡು ಹೋಗುತ್ತಿದ್ದವಳು. ಈ ಸಲ ತೀರಿಕೊಂಡ ಅಪ್ಪನ ಕೀಲಿ ಕೊಡುವ ವಾಚು ತಂದಿದ್ದಳು. ಅವನ ಮುಖ ನೋಡಿದಳು, ಒಳಗೆ ಇಣುಕಿದಳು.

“ಅವರಿಲ್ವಾ? ನೀವು ಅವರ ತಮ್ಮನಾ?”

ಅಲ್ಲ ಎನ್ನಬಹುದಿತ್ತು. ಹಾಗಂದರೆ ಈ ಮುಖದ ಕಥೆ, ಅದರ ಹಿಂದೆ ಕರುಳಿನ ಕಥೆ, ಕೊನೆಗೆ ಕೈ ನಡುಗುತ್ತದೆಂಬುದು, ಎಲ್ಲ ಹೇಳಬೇಕು. ಬಾಯಿ ಬಿಟ್ಟರೆ ಬಣ್ಣಗೇಡು. ಹೌದು, ಅಣ್ಣ ಊರಲ್ಲಿಲ್ಲ, ವಾಚು ಬಿಟ್ಟು ಹೋಗಿ, ಬಂದು ಮಾಡುತ್ತಾನೆ ಎಂದುಬಿಟ್ಟ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸುಳ್ಳು ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಮಾತ್ರೆಯ ಗಂಟಿನಲ್ಲಿ ಇನ್ನೂ ಒಂದು ಸಾಮಾನಿತ್ತು. ಬೆಳಗಿನ ಮಾತ್ರೆ ಒಳಗೆ ಹೋಗಿ ಗಂಟೆಯಾದರೆ ಮುಳ್ಳಪ್ಪ ಅರಳು ಹುರಿದಂತೆ ಮಾತಾಡುತ್ತಿದ್ದ. ಅದೆಲ್ಲಿತ್ತೋ ಅಷ್ಟು ಮಾತು. ಭಾನುವಾರ ಅಕ್ಕನ ಫೋನಿಗೆ ‘ಪರವಾಗಿಲ್ಲ’ ಎಂದು ಇಡುತ್ತಿದ್ದವನು ಮುಕ್ಕಾಲು ಗಂಟೆ ಮಾತಾಡಿದ. ಅವಳು ಹೆದರಿ, ಕುಡಿದಿದ್ದೀಯೇನೋ ಎಂದು ಕೇಳಿದಳು. ಗಿರಾಕಿಗಳು ಬಂದು ತಮ್ಮ ಎಂದು ಕರೆದರೆ ತಮ್ಮನೇ ಆದ. ಸ್ಟೂಲಿನ ಮೇಲೆ ಕೂತವರು ಏಳುತ್ತಿರಲಿಲ್ಲ. ಮೊಣಕೈ ಎರಡೂ ಮೇಜಿಗೆ ಊರಿ ಬ್ಯಾಟರಿ ಬದಲಿಸಿದರೆ ನಡುಕ ಕಾಣುತ್ತಿರಲಿಲ್ಲ. ಉಳಿದ ವಾಚುಗಳನ್ನೆಲ್ಲ ಚೀಟಿ ಅಂಟಿಸಿ ಅಣ್ಣನಿಗೆಂದು ಡ್ರಾಯರಿಗೆ ಹಾಕುತ್ತಿದ್ದ. ಅಣ್ಣ ಒಳ್ಳೇ ಕೆಲಸಗಾರ ಕಣಪ್ಪ, ಆದ್ರೆ ನಿನ್ನ ಹಾಗಲ್ಲ ಎಂದು ಬೀಗದ ಅಂಗಡಿಯವನು ಅವನ ಬೆನ್ನು ತಟ್ಟಿದ. ಹತ್ತಡಿ ದೂರದಲ್ಲಿ ಇಪ್ಪತ್ತೆರಡು ವರ್ಷ ಇದ್ದವನು, ಅವನಿಗೂ ಗುರುತು ಹತ್ತಲಿಲ್ಲ. ಮುಳ್ಳಪ್ಪ ನಕ್ಕ. ಮನೆಗೆ ಹೋಗುವ ದಾರಿಯಲ್ಲಿ ಆ ನಗು ಕಹಿಯಾಯಿತು.

ಗ್ರಂಥಾಲಯದಾಕೆ ವಾರಕ್ಕೆರಡು ಸಲ ಬರತೊಡಗಿದಳು. ಅಣ್ಣ ಬಂದ್ರಾ ಎಂಬುದು ನೆಪ. ಕೊನೆಯ ವರ್ಷ ಅಪ್ಪ ಐದು ನಿಮಿಷಕ್ಕೊಮ್ಮೆ ಗಂಟೆ ಎಷ್ಟು ಎಂದು ಕೇಳುತ್ತಿದ್ದರಂತೆ. ಒಂದು ದಿನ ಬೇಸತ್ತು, ವಾಚು ನಿಮ್ಮ ಕೈಯಲ್ಲೇ ಇದೆಯಲ್ಲ ಎಂದು ರೇಗಿದಳಂತೆ. ಅಂದಿನಿಂದ ಅವರು ಕೇಳಲಿಲ್ಲ. ಈಗ ಮನೆಯಲ್ಲಿ ಗಂಟೆ ಕೇಳುವವರೇ ಇಲ್ಲ ಎಂದಳು. ತಮ್ಮ ತಟ್ಟನೆ, ಅವರಿಗೆ ಬೇಕಿದ್ದದ್ದು ಗಂಟೆಯಲ್ಲ, ನಿಮ್ಮ ದನಿ ಎಂದ. ಅವಳು ಎದ್ದು, ಮತ್ತೆ ಬರ್ತೀನಿ ಎಂದು ಹೋದಳು. ತನ್ನೊಳಗೆ ಇಂಥ ಮಾತು ಇತ್ತೇ ಎಂದು ಮುಳ್ಳಪ್ಪನಿಗೇ ಬೆರಗು.

ನಾಲ್ಕು ಮಾತ್ರೆಗೆ ಇಳಿದ ವಾರ ನಡುಕ ತಗ್ಗಿತು. ಮಾತೂ ತಗ್ಗಿತು. ಅಂದು ಅವಳು ಬಂದಾಗ ಎರಡು ಸಲ ಉತ್ತರಕ್ಕಾಗಿ ತಡಕಾಡಿದ. ಕೈ ವಾಪಸು ಬಂದರೆ ತಮ್ಮ ಹೋಗುತ್ತಾನೆ; ತಮ್ಮ ಇರಬೇಕೆಂದರೆ ಕೈ ಇಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮರುದಿನ ಅವನು ಮತ್ತೆ ಆರು ನುಂಗಿದ. ಹಾಗೇ ಮೂರು ವಾರ ನುಂಗಿದ.

ಮಾತ್ರೆ ಲೆಕ್ಕಕ್ಕಿಂತ ಮೊದಲೇ ಮುಗಿಯಿತು. ಆಸ್ಪತ್ರೆಗೆ ಹೋಗಿ ಇನ್ನಷ್ಟು ಬರೆದುಕೊಡಿ ಎಂದಾಗ ಡಾಕ್ಟರು ಕನ್ನಡಕ ತೆಗೆದು ನೋಡಿದರು. ರಕ್ತದಲ್ಲಿ ಸಕ್ಕರೆ ಏರಿತ್ತು.

“ಇದು ಯಾವಾಗ ನಿಲ್ಲುತ್ತೆ ಅಂತ ಎಲ್ಲರೂ ನನ್ನ ಪ್ರಾಣ ತಿಂತಾರೆ. ನಿಲ್ಲಿಸಬೇಡಿ ಅಂತ ಬಂದವರು ನೀವೊಬ್ರೇ. ಯಾಕೆ?”

ಮಾತ್ರೆ ಇದ್ದರೆ ಜೊತೆಗೆ ಜನ ಇರುತ್ತಾರೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು? ಹೀಗೇ ನುಂಗಿದರೆ ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಎಂದರು ಅವರು. ಕಣ್ಣು ಎಂದಾಗ ಮುಳ್ಳಪ್ಪನ ಬಲಗೈ ತಾನಾಗಿ ಬಲಗಣ್ಣಿಗೆ ಹೋಯಿತು. ಹೊಸ ಚೀಟಿ ಬರೆಸಿಕೊಂಡು, ಅದರಂತೆ ಇಳಿಸುತ್ತ ಬಂದ. ಒಂದೊಂದು ಮಾತ್ರೆ ಇಳಿದಾಗಲೂ ಮೈಕೈ ನೋವು, ಸುಸ್ತು. ಅಂಗಡಿ ಬಾಗಿಲು ಒಂದೂವರೆ ತಿಂಗಳು ಮುಚ್ಚಿತ್ತು.

ಮತ್ತೆ ತೆರೆದಾಗ ಕೆನ್ನೆ ಇಳಿದಿತ್ತು, ಬೆರಳು ಕಲ್ಲಿನಂತೆ ನಿಂತಿತ್ತು. ಮೊದಲು ಕೈಗೆತ್ತಿಕೊಂಡದ್ದು ಅವಳ ಅಪ್ಪನ ವಾಚು. ಮೂರು ದಿನ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೂಡಿಸಿದ. ಹಾಗೆ ಕೂಡಿಸುವಾಗಲೆಲ್ಲ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ: ತಮ್ಮ ಇಲ್ಲ, ಅವನು ನಾನೇ, ನನಗೆ ಕಾಯಿಲೆ ಇತ್ತು. ಮೂರೇ ಮಾತು. ಮಗುವೂ ಹೇಳೀತು.

ಅವಳು ಬಂದಳು. ಅವನ ನೆತ್ತಿ ನೋಡಿ, ಓ ನೀವು ಬಂದ್ರಾ ಎಂದಳು. ದನಿಯಲ್ಲಿ ಗೌರವವಿತ್ತು, ಸಂತೋಷವಿರಲಿಲ್ಲ. ವಾಚು ಕಿವಿಗೆ ಹಿಡಿದಳು. ಕಣ್ಣು ತುಂಬಿತು.

“ನಿಮ್ಮ ತಮ್ಮ ಅಂತಿದ್ರು, ಅಣ್ಣನ ಕೈ ಅಂದ್ರೆ ಕೈ ಅಂತ. ಅವರು ಇನ್ನು ಬರಲ್ವಾ?”

ಮೂರು ಮಾತೂ ಗಂಟಲಿಗೆ ಬಂದು ಸಾಲಾಗಿ ನಿಂತವು. ಅವನು ತಲೆಯಾಡಿಸಿದ, ಇಲ್ಲ ಎಂದು.

“ಅವರಿಗೆ ಹೇಳಿ, ಗ್ರಂಥಾಲಯದವಳು ಕೇಳಿದ್ಲು ಅಂತ. ಅವರ ಹತ್ರ ಮಾತಾಡಿದ್ಮೇಲೇ ನನಗೆ ನಿದ್ದೆ ಬಂದಿದ್ದು.”

“ಹೇಳ್ತೀನಿ.”

ಅವಳು ಒಂದು ಗಳಿಗೆ ಸ್ಟೂಲಿನ ಪಕ್ಕ ನಿಂತಳು. ಕೂರಿ ಎನ್ನುವವರಿಗಾಗಿ ನಿಂತ ಹಾಗಿತ್ತು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟಳು.

ಮುಳ್ಳಪ್ಪ ಭೂತಗನ್ನಡಿ ತೆಗೆದ. “ಕೂತ್ಕೊಳ್ಳಿ,” ಎಂದ. ಅಷ್ಟರಲ್ಲಿ ಅವಳು ರಸ್ತೆ ದಾಟಿ ಆಗಿತ್ತು.