ಕೊಂಬು ಕಿತ್ತ ಮರಿದೆವ್ವ

ಬಿಸ್ಕತ್ತಿನ ಡಬ್ಬಗಳಿಗೆ ಚಿತ್ರ ಬರೆದು ಬದುಕುವ ಅವಳು, ಗೆಳೆಯರೆಲ್ಲ ಸೇರಿ ಕಟ್ಟಿದ ಉಚಿತ ಸಾಫ್ಟ್‌ವೇರಿಗೆ ಗುರುತಾಗಿ ಒಂದು ಮರಿದೆವ್ವ ಬರೆದುಕೊಟ್ಟಿದ್ದಳು. ಪುಟ್ಟ ಕೊಂಬು, ಪುಟ್ಟ ಬಾಲ, ಕೈಯಲ್ಲಿ ಸ್ಪ್ಯಾನರ್, ತುಟಿಯಲ್ಲಿ ತುಂಟ ನಗು. ಪ್ರಾರ್ಥನೆ ಮುಗಿಯದೆ ತೊಟ್ಟು ನೀರೂ ಮುಟ್ಟದ ಅವಳ ತಾಯಿ ಅದರ ಸ್ಟಿಕ್ಕರನ್ನು ಪ್ರಾರ್ಥನೆ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡು, "ನನ್ನ ಮೊಮ್ಮಗ" ಅಂತ ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದರು.

ಒಂದು ದಿನ ಆ ಸಾಫ್ಟ್‌ವೇರಿನ ಸಮಿತಿ ಸೇರಿತು. ಕೊಂಬು ಹೋಗಬೇಕಂತೆ.

"ದೂರು ಕೊಟ್ಟೋರು ಯಾರು?" ಅಂತ ಕೇಳಿದಳು.

"ಯಾರೂ ಕೊಟ್ಟಿಲ್ಲ," ಅಂದ ಮುಖ್ಯಸ್ಥ. ಜನ್ಮದಲ್ಲಿ ಪ್ರಾರ್ಥನೆಗೆ ಕೂತವನಲ್ಲ, ಊರ ಉಸಾಬರಿಯೆಲ್ಲ ಅವನಿಗೇ ಬೇಕು. "ಆದ್ರೂ ಭಕ್ತರಿಗೆ ನೋವಾಗತ್ತೆ. ನಿಮ್ಮಮ್ಮನಂಥೋರಿಗೆ."

ಅವಳು ಪುಸ್ತಕದ ವಿಷಯ ಹೇಳಿದಳು. ಎಲ್ಲರೂ ನಕ್ಕರು, ನಕ್ಕುಕೊಂಡೇ ಕೈಯೆತ್ತಿದರು. ಕೊಂಬು ಹೋಯಿತು, ಹಿಂದೆಯೇ ಬಾಲ, ಕೊನೆಗೆ ನಗುವೂ. ಗುರುತಾಗಿ ಉಳಿದದ್ದು ಬರೀ ಒಂದು ನೀಲಿ ಮೋಡ.

ಮನೆಗೆ ಬಂದವಳೇ ಬ್ಯಾಗು ಬಿಸಾಕಿ, ಹಲ್ಲು ಕಡಿಯುತ್ತಾ ನಡೆದದ್ದನ್ನೆಲ್ಲ ತಾಯಿಗೆ ಹೇಳಿದಳು.

"ನನಗೆ ನೋವಾಗತ್ತೆ ಅಂದ್ರಾ?"

"ಹೂಂ ಅಮ್ಮಾ."

"ನನ್ನನ್ನ ಒಂದು ಮಾತೂ ಕೇಳ್ದೆ?"

ತಾಯಿ ಪುಸ್ತಕವನ್ನು ಎದೆಗವಚಿಕೊಂಡರು.

"ಹೋಗಿ ಹೇಳು ಅವರಿಗೆ, ಈಗ ನೋವಾಯ್ತು ಅಂತ."